ಮನೆಯ ಕರೋಕೆಗೆ ವೈರ್ ಮೈಕೋ, ಕಾರ್ಡ್‌ಲೆಸ್ಸೋ?

ಮೈಕ್ ತರಲು ಅಂಗಡಿಗೆ ಹೊರಡುವ ಮುನ್ನ ಟಾರ್ಚ್ ಹಿಡಿದು ನಿಮ್ಮ ಸ್ಪೀಕರಿನ ಹಿಂಬದಿಯನ್ನು ಒಮ್ಮೆ ನೋಡಿ. ಟಿವಿಯ ಹಿಂದೆಯೂ ಇಣುಕಿ. ಅಲ್ಲಿರುವ ತೂತುಗಳ ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು, ಅಂಗಡಿಯವರಿಗೆ ತೋರಿಸಲು ಬರುತ್ತದೆ. ವೈರ್ ಮೈಕ್ ಮೇಲೋ ಕಾರ್ಡ್‌ಲೆಸ್ ಮೇಲೋ ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಸಿಗುತ್ತದೆ, ಏಕೆಂದರೆ ಆ ಹತ್ತು ಮನೆಗಳಲ್ಲಿ ಮೈಕ್ ಹೋಗಿ ಸೇರುವ ಪೆಟ್ಟಿಗೆಗಳೇ ಬೇರೆ ಬೇರೆ. ಪೆಟ್ಟಿಗೆ ಯಾವುದೆಂದು ಗೊತ್ತಾದರೆ ಅರ್ಧ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಬರುವ ಮೊದಲ ಮೈಕ್ ವೈರಿನದಾಗಿರಲಿ. ಹಾಡುವ ಮಂದಿ ಹೆಚ್ಚಾಗಿ, ಅವರಲ್ಲಿ ಕುಣಿಯುತ್ತಾ ಹಾಡುವವರೂ ಸೇರಿಕೊಂಡ ಮೇಲೆ ಕಾರ್ಡ್‌ಲೆಸ್ ಜೋಡಿಯನ್ನು ತನ್ನಿ. ಕಂಠವನ್ನು ಬ್ಲೂಟೂತ್ ಮೂಲಕ ಸ್ಪೀಕರಿಗೆ ಕಳಿಸುವ ಏರ್ಪಾಟಿಗೆ ಮಾತ್ರ ಒಂದು ರೂಪಾಯಿಯನ್ನೂ ಹಾಕಬೇಡಿ. ಕಾರಣಗಳು ಮುಂದಿವೆ.

ಮೊದಲ ಹೆಜ್ಜೆ: ತೂತುಗಳನ್ನು ಗುರುತಿಸಿ

ಮೂರು ಬಗೆಯ ಪಿನ್ನುಗಳ ಹೆಸರು ಗೊತ್ತಿದ್ದರೆ ಸಾಕು. ಪೆನ್ಸಿಲಿಗಿಂತ ತುಸು ತೆಳುವಾದ, 6.35 ಮಿ.ಮೀ. ದಪ್ಪದ ಪಿನ್ನಿಗೆ ನಮ್ಮ ಅಂಗಡಿಗಳಲ್ಲಿ ಪಿ-38 ಎನ್ನುತ್ತಾರೆ. ಇಯರ್‌ಫೋನಿನ ತುದಿಯಲ್ಲಿರುವ 3.5 ಮಿ.ಮೀ. ಪಿನ್ನು ಇಪಿ. ದುಂಡನೆಯ ಲೋಹದ ಕೊಳವೆಯೊಳಗೆ ಮೂರು ಕಡ್ಡಿಗಳಿರುವುದು ಎಕ್ಸ್‌ಎಲ್‌ಆರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ರೇಡಿಯೊ ರಿಪೇರಿ ಅಂಗಡಿಯಲ್ಲಾಗಲಿ ಈ ಹೆಸರುಗಳಲ್ಲೇ ಕೇಳಿ, ಬೇಕಾದದ್ದು ಕೈಗೆ ಬರುತ್ತದೆ.

ಚಕ್ರವಿರುವ ಟ್ರಾಲಿ ಸ್ಪೀಕರ್ ನಿಮ್ಮಲ್ಲಿದ್ದರೆ ನೀವು ಅದೃಷ್ಟವಂತರು. ಅದರಲ್ಲಿ ‘ಮೈಕ್’ ಎಂದು ಬರೆದ ಒಂದೆರಡು ಪಿ-38 ತೂತುಗಳೂ ಪಕ್ಕದಲ್ಲೇ ಮೈಕಿನ ವಾಲ್ಯೂಮ್ ಮತ್ತು ಎಕೋ ತಿರುಗುಗುಂಡಿಗಳೂ ಇರುತ್ತವೆ. ವೈರ್ ಮೈಕನ್ನೂ ಚುಚ್ಚಬಹುದು, ಕಾರ್ಡ್‌ಲೆಸ್ಸಿನ ದನಿಯ ತರಂಗ ಹಿಡಿಯುವ ರಿಸೀವರನ್ನೂ ಚುಚ್ಚಬಹುದು. ಮೈಕ್ ತೂತಿರುವ ಹಳೆಯ ಹೋಮ್ ಥಿಯೇಟರ್ ಸೆಟ್‌ಗಳಿಗೂ ಇದೇ ಮಾತು. ಸಂಘದ ಕಾರ್ಯಕ್ರಮಗಳಲ್ಲಿ ಕಾಣುವ ಅಹುಜಾ ಬಗೆಯ ಆಂಪ್ಲಿಫಯರ್ ಮನೆಯಲ್ಲಿದ್ದರೆ ಯೋಚಿಸುವುದಕ್ಕೇನೂ ಇಲ್ಲ, ಅದು ಮೈಕಿಗಾಗಿಯೇ ಹುಟ್ಟಿದ ಪೆಟ್ಟಿಗೆ.

ತೊಡಕಿರುವುದು ಸೌಂಡ್‌ಬಾರ್ ಇರುವವರಿಗೆ. ಟಿವಿಯ ಕೆಳಗೆ ಉದ್ದಕ್ಕೆ ಮಲಗಿರುವ ಈ ಸ್ಪೀಕರಿಗೆ ಸಾಮಾನ್ಯವಾಗಿ ಎಚ್‌ಡಿಎಂಐ, ಆಪ್ಟಿಕಲ್, ಬ್ಲೂಟೂತ್ ಇರುತ್ತವೆ, ಪುಣ್ಯವಿದ್ದರೆ ಮೊಬೈಲಿನಂಥವುಗಳ ಧ್ವನಿಯನ್ನು ಒಳಬಿಡುವ ಒಂದು ಆಕ್ಸ್ ತೂತು. ಮೈಕ್ ತೂತು ಇರುವುದು ಅಪರೂಪ. ‘ಪಿ-38ನಿಂದ ಇಪಿಗೆ ಬದಲಿಸುವ ಪಿನ್ ಹಾಕಿ ಆಕ್ಸ್‌ಗೆ ಚುಚ್ಚಿದರೆ ಆಯಿತಲ್ಲ’ ಎಂದು ಎಲ್ಲರಿಗೂ ಅನ್ನಿಸುತ್ತದೆ. ಪಿನ್ನು ಕೂರುತ್ತದೆ, ಧ್ವನಿ ಬರುವುದಿಲ್ಲ. ವೈರ್ ಮೈಕಿನಿಂದ ಹೊರಡುವುದು ಕೆಲವೇ ಮಿಲಿವೋಲ್ಟ್‌ಗಳ ವಿದ್ಯುತ್. ಆಕ್ಸ್ ತೂತು ನಿರೀಕ್ಷಿಸುವುದು ಅದರ ನೂರು ಪಟ್ಟಿಗೆ ಹತ್ತಿರದ ಮಟ್ಟವನ್ನು. ಗಂಟಲು ಹರಿಯುವಂತೆ ಹಾಡಿದರೂ ಸೊಳ್ಳೆ ಹಾಡಿದಷ್ಟೇ ಕೇಳುತ್ತದೆ.

ಸೌಂಡ್‌ಬಾರ್ ಇರುವವರಿಗೆ ಬೇಕಾದದ್ದು ನಡುವೆ ಒಂದು ಚಿಕ್ಕ ಮಿಕ್ಸರ್. ಮೈಕೂ ಟಿವಿಯ ಅಥವಾ ಮೊಬೈಲಿನ ಸಂಗೀತವೂ ಅದರೊಳಕ್ಕೆ ಹೋಗುತ್ತವೆ, ಎರಡೂ ಕೂಡಿದ ಧ್ವನಿ ಆಕ್ಸ್‌ಗೆ ಹೊರಡುತ್ತದೆ. ಯಮಹಾ, ಬೆಹ್ರಿಂಗರ್‌ನಂಥ ಕಂಪನಿಗಳ ಒಂದೆರಡು ಮೈಕಿನ ಮಿಕ್ಸರುಗಳು ಒಂದು ಪುಸ್ತಕದಷ್ಟೇ ದೊಡ್ಡವು. ಮಿಕ್ಸರಿನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಕೆಲವು ಕಾರ್ಡ್‌ಲೆಸ್ ರಿಸೀವರುಗಳು ಧ್ವನಿಯನ್ನು ಒಳಗೇ ಹಿಗ್ಗಿಸಿ ಹೊರಗೆ ಕೊಡುವುದರಿಂದ ಅವು ನೇರವಾಗಿ ಆಕ್ಸ್‌ಗೆ ಕೂಡ ಒಗ್ಗುತ್ತವೆ. ಆದರೆ ಆಕ್ಸ್‌ನಲ್ಲಿ ಮೈಕ್ ಕೂತ ಮೇಲೆ ಸಂಗೀತ ಎಲ್ಲಿಂದ ಬರಬೇಕು? ಹೆಚ್ಚಿನ ಸೌಂಡ್‌ಬಾರುಗಳು ಒಂದು ಹೊತ್ತಿಗೆ ಒಂದೇ ದಾರಿಯ ಧ್ವನಿಯನ್ನು ಕೇಳಿಸುತ್ತವೆ. ಅಲ್ಲಿಗೆ ಮತ್ತೆ ಮಿಕ್ಸರಿಗೇ ಬಂದೆವು.

ಬ್ಲೂಟೂತ್ ಎಲ್ಲಿ ಸರಿ, ಎಲ್ಲಿ ತಪ್ಪು

‘ವೈರ್‌ಲೆಸ್’ ಎಂಬ ಒಂದೇ ಚೀಟಿ ಅಂಟಿಸಿಕೊಂಡು ಪೇಟೆಯಲ್ಲಿ ಮೂರು ಬೇರೆ ಬೇರೆ ಜಾತಿಯ ಮೈಕುಗಳು ಕೂತಿವೆ. ಹೆಚ್ಚಿನ ಜನ ಮೋಸ ಹೋಗುವುದು ಇಲ್ಲೇ.

ಮೊದಲನೆಯದು ಮಕ್ಕಳ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬರುವ, ಹೊಟ್ಟೆಯಲ್ಲೇ ಸ್ಪೀಕರ್ ಇರುವ, ಬಣ್ಣದ ದೀಪ ಮಿನುಗುವ ಬ್ಲೂಟೂತ್ ಮೈಕ್. ಇದರಲ್ಲಿ ಬ್ಲೂಟೂತ್ ಇರುವುದು ಮೊಬೈಲಿನ ಹಾಡನ್ನು ಮೈಕಿನೊಳಕ್ಕೆ ತರಲು. ನಿಮ್ಮ ದನಿಯನ್ನು ಟಿವಿಗೆ ಕಳಿಸಲು ಅಲ್ಲವೇ ಅಲ್ಲ. ‘ಬ್ಲೂಟೂತ್ ಮೈಕ್ ತಂದೆವು, ಟಿವಿಗೆ ಸೇರುತ್ತಲೇ ಇಲ್ಲ’ ಎಂದು ಗೊಣಗುವವರ ಕೈಯಲ್ಲಿರುವುದು ಇದೇ. ಐದಾರು ವರ್ಷದ ಮಕ್ಕಳಿಗೆ ಚೆನ್ನಾಗಿದೆ, ಇರಲಿ ಬಿಡಿ. ಸ್ಪೀಕರೂ ಮೈಕೂ ಗೇಣಿನ ಅಂತರದಲ್ಲಿರುವುದರಿಂದ ಸ್ವಲ್ಪ ಜೋರು ಮಾಡಿದರೂ ಕಿರುಚುತ್ತದೆ.

ಎರಡನೆಯದು ರಿಸೀವರ್ ಸಮೇತ ಬರುವ ನಿಜವಾದ ಕಾರ್ಡ್‌ಲೆಸ್ ಮೈಕ್. ಇದು ತನ್ನದೇ ರೇಡಿಯೊ ತರಂಗದಲ್ಲಿ ಧ್ವನಿಯನ್ನು ಕಳಿಸುತ್ತದೆ. ಮೂರನೆಯದು ಕಂಠವನ್ನು ಮೊದಲು ಮೊಬೈಲಿಗೆ ಕಳಿಸಿ, ಅಲ್ಲಿಂದ ಬ್ಲೂಟೂತ್ ಮೂಲಕ ಸ್ಪೀಕರಿಗೆ ದಾಟಿಸುವ ಏರ್ಪಾಟು. ನಾನು ಬೇಡವೆಂದದ್ದು ಈ ಮೂರನೆಯದನ್ನು.

ಕಾರಣ ತಡ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ಸ್ಪೀಕರಿನಿಂದ ಮೂರು ಮೀಟರ್ ದೂರ ನಿಂತು ಹಾಡಿದರೆ ನಿಮ್ಮ ದನಿ 9 ಮಿಲಿಸೆಕೆಂಡ್ ತಡವಾಗಿ ನಿಮ್ಮ ಕಿವಿಗೆ ಬರುತ್ತದೆ. ಯಾರಿಗೂ ಅದು ತಿಳಿಯುವುದೇ ಇಲ್ಲ. ಒಳ್ಳೆಯ ಡಿಜಿಟಲ್ ಕಾರ್ಡ್‌ಲೆಸ್ ಇದಕ್ಕೆ ಇನ್ನು ಕೆಲವು ಮಿಲಿಸೆಕೆಂಡ್ ಸೇರಿಸುತ್ತದೆ, ಅದೂ ತಿಳಿಯುವುದಿಲ್ಲ. ಸಾಮಾನ್ಯ ಬ್ಲೂಟೂತ್ ಸ್ಪೀಕರಿನಲ್ಲಿ ಈ ತಡ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಇರುವ ಅಂತರ 500 ಮಿಲಿಸೆಕೆಂಡ್. ನೀವು ಪಲ್ಲವಿ ಎತ್ತಿಕೊಂಡ ಮೇಲೆ ಅರ್ಧ ಪೆಟ್ಟಿಗೆ ಹತ್ತಿರ ತಡವಾಗಿ ನಿಮ್ಮದೇ ದನಿ ಎದುರಿನಿಂದ ಬರುತ್ತದೆ. ಅದನ್ನು ಕೇಳಿ ನೀವು ನಿಧಾನ ಮಾಡುತ್ತೀರಿ, ದನಿ ಇನ್ನೂ ಹಿಂದೆ ಬೀಳುತ್ತದೆ. ತಾಳದಲ್ಲಿ ಪಳಗಿದವರೂ ಎರಡನೇ ಸಾಲಿಗೆ ತಪ್ಪುತ್ತಾರೆ.

ಹಾಗೆಂದು ಬ್ಲೂಟೂತನ್ನು ಮನೆಯಿಂದ ಹೊರಗಟ್ಟಬೇಕಿಲ್ಲ. ಕರೋಕೆ ಟ್ರ್ಯಾಕ್ (ಹಾಡಿನ ಬರೀ ಸಂಗೀತ) ಬ್ಲೂಟೂತ್‌ನಲ್ಲಿ ಬಂದರೆ ಏನೂ ತೊಂದರೆಯಿಲ್ಲ. ಸಂಗೀತ ತಡವಾಗಿ ಬಂದರೂ ನೀವು ಹಾಡುವುದು ಕೇಳಿಸಿದ ಸಂಗೀತಕ್ಕೇ ತಾನೆ? ಪರದೆಯ ಮೇಲಿನ ಸಾಹಿತ್ಯ ಒಂದು ಕ್ಷಣ ಮುಂದೆ ಓಡಬಹುದು, ಅಷ್ಟೆ. ಆದ್ದರಿಂದ ನಿಯಮ ಸರಳ: ಟ್ರ್ಯಾಕ್ ಯಾವ ದಾರಿಯಲ್ಲಾದರೂ ಬರಲಿ, ಕಂಠ ಮಾತ್ರ ಮೈಕಿನಿಂದ ನೇರ ಆಂಪ್ಲಿಫಯರಿಗೆ ಹೋಗಲಿ. 1971ರಲ್ಲಿ ಜಪಾನಿನ ಕೋಬೆಯಲ್ಲಿ ಡೈಸುಕೆ ಇನೊಉಎ ಎಂಬ ವಾದ್ಯಗಾರ ಕಾರ್ ಸ್ಟೀರಿಯೊ, ನಾಣ್ಯದ ಡಬ್ಬಿ, ಚಿಕ್ಕ ಆಂಪ್ಲಿಫಯರ್ ಜೋಡಿಸಿ ಬಾಡಿಗೆಗೆ ಬಿಟ್ಟ ಕರೋಕೆ ಯಂತ್ರದಲ್ಲಿಯೂ ಏರ್ಪಾಟು ಇದೇ ಆಗಿತ್ತು: ಟೇಪಿನಿಂದ ಸಂಗೀತ, ಮೈಕಿನಿಂದ ಕಂಠ, ಎರಡೂ ಕೂಡುವುದು ಆಂಪ್ಲಿಫಯರಿನಲ್ಲಿ. ಆತ ಅದಕ್ಕೆ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ ಎನ್ನುವುದು ಬೇರೆ ಕತೆ.

ನಿಮ್ಮಲ್ಲಿರುವ ಏರ್ಪಾಟಿನಲ್ಲಿ ತಡ ಎಷ್ಟಿದೆ ಎಂದು ನೋಡಲು ಯಂತ್ರ ಬೇಡ. ಮೈಕನ್ನು ಬಾಯಿಯ ಹತ್ತಿರ ಹಿಡಿದು ನಾಲಿಗೆಯಿಂದ ‘ಟಕ್’ ಎನ್ನಿಸಿ. ಒಂದೇ ಟಕ್ ಕೇಳಿದರೆ ಸರಿ. ‘ಟಟಕ್’ ಎಂದು ಒಡೆದು ಕೇಳಿದರೆ ಅದರಲ್ಲಿ ಹಾಡುವುದು ಕಷ್ಟ. ಈ ಪರೀಕ್ಷೆಯ ಹೊತ್ತಿಗೆ ಎಕೋ ಗುಂಡಿ ಪೂರ್ತಿ ಸೊನ್ನೆಯಲ್ಲಿರಲಿ, ಇಲ್ಲದಿದ್ದರೆ ಎಕೋವನ್ನೇ ತಡವೆಂದು ತಿಳಿಯುತ್ತೀರಿ.

ವೈರ್ ಮೈಕ್ ಆರಿಸುವಾಗ

ಪೆಟ್ಟಿಗೆಯ ಮೇಲೆ ‘ಡೈನಮಿಕ್’, ‘ಕಾರ್ಡಿಯಾಯ್ಡ್’ ಎಂಬ ಎರಡು ಮಾತುಗಳಿವೆಯೇ ಎಂದು ನೋಡಿ. ಡೈನಮಿಕ್ ಮೈಕಿನಲ್ಲಿ ತೆಳು ಹಾಳೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಹುಟ್ಟಿಸುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಬಿದ್ದರೂ ಅಷ್ಟು ಸುಲಭವಾಗಿ ಹಾಳಾಗುವುದಿಲ್ಲ. ಕಾರ್ಡಿಯಾಯ್ಡ್ ಎಂದರೆ ಎದುರಿನ ದನಿಯನ್ನು ಚೆನ್ನಾಗಿ, ಪಕ್ಕದ್ದನ್ನು ಕಡಿಮೆ, ಹಿಂದಿನದನ್ನು ಬಹಳ ಕಡಿಮೆ ಹಿಡಿಯುವ ಗುಣ. ವೇದಿಕೆಗಳಲ್ಲಿ ಗಾಯಕರ ಕೈಯಲ್ಲಿ ಕಾಣುವ ಶ್ಯೂರ್ ಎಸ್‌ಎಂ58 ಈ ಬಗೆಯದು. 1966ರಲ್ಲಿ ಬಂದ ಅದು ಇಂದಿಗೂ ಮಾರಾಟದಲ್ಲಿದೆ. ಮನೆಗೆ ಅಷ್ಟು ದುಬಾರಿಯದು ಬೇಕೆಂದಿಲ್ಲ, ಅದೇ ಮಾದರಿಯಲ್ಲಿ ಬೆಹ್ರಿಂಗರಿನ ಎಕ್ಸ್‌ಎಂ8500ನಂಥವು, ಅಹುಜಾದಂಥ ನಮ್ಮ ದೇಶದ ಕಂಪನಿಗಳ ಮೈಕುಗಳು ಕಡಿಮೆ ಬೆಲೆಗೆ ಸಿಗುತ್ತವೆ.

ಸ್ಟ್ಯಾಂಡು, ಸ್ಪಂಜು ಸಮೇತ ‘ಸ್ಟುಡಿಯೊ ಮೈಕ್’ ಎಂದು ಮಾರುವ ಕಂಡೆನ್ಸರ್ ಮೈಕುಗಳ ಸೊಗಸಿಗೆ ಮರುಳಾಗಬೇಡಿ. ಬಿಎಂ-800 ಎಂಬ ಹೆಸರಿನಲ್ಲಿ ಹಲವು ಕಂಪನಿಗಳು ಮಾರುವುದು ಇಂಥದ್ದನ್ನೇ. ಕಂಡೆನ್ಸರಿಗೆ ಹೊರಗಿನಿಂದ ವಿದ್ಯುತ್ ಬೇಕು, ಸಾಮಾನ್ಯವಾಗಿ 48 ವೋಲ್ಟ್. ಟ್ರಾಲಿ ಸ್ಪೀಕರ್ ಅದನ್ನು ಕೊಡುವುದಿಲ್ಲ. ಕೊಟ್ಟರೂ ಅದು ಫ್ಯಾನಿನ ಗಾಳಿ, ಅಡುಗೆಮನೆಯ ಕುಕ್ಕರ್ ಸೀಟಿ, ಬೀದಿಯ ತರಕಾರಿಯವನ ಕೂಗು ಎಲ್ಲವನ್ನೂ ನಿಮ್ಮ ಹಾಡಿನ ಜೊತೆಗೆ ಹಿಡಿದು ಕೊಡುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿ ರೆಕಾರ್ಡ್ ಮಾಡುವವರಿಗೆ ಅದು ಸರಿ.

ಮೈಕಿಗೆ ವೈರು ಶಾಶ್ವತವಾಗಿ ಅಂಟಿಕೊಂಡಿರುವುದನ್ನು ಬಿಟ್ಟು, ಬುಡದಲ್ಲಿ ಎಕ್ಸ್‌ಎಲ್‌ಆರ್ ಇರುವುದನ್ನೇ ಆರಿಸಿ. ವೈರ್ ಮೈಕಿನಲ್ಲಿ ಕೆಡುವುದು ಹೆಚ್ಚಾಗಿ ವೈರೇ, ಅದರಲ್ಲೂ ಪಿನ್ನಿನ ಬುಡದಲ್ಲಿ ಬಗ್ಗಿ ಬಗ್ಗಿ ಬೆಸುಗೆ ಬಿಡುವುದು. ಬೇರೆಯಾಗಿ ಬಿಚ್ಚುವ ವೈರಾದರೆ ಹೊಸದು ಹಾಕಿದರಾಯಿತು, ಇಲ್ಲವೇ ಬೀದಿ ಕೊನೆಯ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸಿದರಾಯಿತು. ಉದ್ದ ಐದು ಮೀಟರ್ ಸಾಕು. ಮಿಕ್ಸರ್ ಇದ್ದರೆ ಎರಡೂ ತುದಿಗೆ ಎಕ್ಸ್‌ಎಲ್‌ಆರ್ ಇರುವ ವೈರನ್ನೇ ಕೊಳ್ಳಿ. ಅದರ ಎರಡು ತಂತಿಗಳಲ್ಲಿ ಒಂದೇ ಧ್ವನಿ ತಿರುವುಮುರುವಾಗಿ ಸಾಗುತ್ತದೆ, ದಾರಿಯಲ್ಲಿ ಎರಡಕ್ಕೂ ಸಮನಾಗಿ ಹತ್ತಿದ ಗದ್ದಲವನ್ನು ಮಿಕ್ಸರ್ ಕಳೆದುಹಾಕುತ್ತದೆ. ಟ್ರಾಲಿ ಸ್ಪೀಕರಿಗೆ ಒಂದು ತುದಿ ಪಿ-38 ಇರಲೇಬೇಕಾಗುತ್ತದೆ. ಆಗ ಈ ಅನುಕೂಲ ಹೋಗುತ್ತದೆ, ಆದರೆ ಐದು ಮೀಟರಿನ ಒಳಗೆ ಅದೇನೂ ದೊಡ್ಡ ನಷ್ಟವಲ್ಲ.

ಹಾಡು ಮುಗಿದ ಮೇಲೆ ವೈರನ್ನು ಅಂಗೈಗೂ ಮೊಣಕೈಗೂ ನಡುವೆ ಬಿಗಿದು ಸುತ್ತುವ ಅಭ್ಯಾಸ ನಮ್ಮಲ್ಲಿ ಬಹಳ. ಒಳಗಿನ ಎಳೆಗಳು ತಿರುಚಿ ಮುರಿಯುವುದು ಹಾಗೆಯೇ. ಊಟದ ತಟ್ಟೆಯಷ್ಟು ಅಗಲಕ್ಕೆ ಸಡಿಲವಾಗಿ ಸುತ್ತಿ, ಒಂದು ಬಟ್ಟೆಯ ಪಟ್ಟಿ ಕಟ್ಟಿಡಿ.

ಮೈಕ್ ಮುಟ್ಟದಿದ್ದಾಗಲೂ ‘ಗುಂಯ್’ ಎಂಬ ಸದ್ದು ಬರುತ್ತಿದ್ದರೆ ಮೈಕನ್ನು ಬೈಯುವ ಮುನ್ನ ಸಂಗೀತಕ್ಕೆ ಜೋಡಿಸಿದ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಬಹಳ ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ. ಕರೆಂಟ್ ಹೋಗಿ ಹಳೆಯ ಬಗೆಯ ಯುಪಿಎಸ್ ಮೇಲೆ ಮನೆ ನಡೆಯುವಾಗಲೂ ಈ ಗುಂಯ್ ಏಳುತ್ತದೆ. ಆಗ ಟ್ರಾಲಿ ಸ್ಪೀಕರನ್ನು ಅದರ ಸ್ವಂತ ಬ್ಯಾಟರಿಯ ಮೇಲೆ ಓಡಿಸುವುದು ಮೇಲು.

ಕಾರ್ಡ್‌ಲೆಸ್ ಆರಿಸುವಾಗ

ಒಂದೇ ಬೆಲೆಯ ವೈರ್ ಮೈಕನ್ನೂ ಕಾರ್ಡ್‌ಲೆಸ್ಸನ್ನೂ ಪಕ್ಕದಲ್ಲಿಟ್ಟು ಹಾಡಿದರೆ ವೈರ್ ಮೈಕೇ ಗೆಲ್ಲುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಕಾರ್ಡ್‌ಲೆಸ್ಸಿಗೆ ಕೊಟ್ಟ ಹಣ ರೇಡಿಯೊ, ರಿಸೀವರ್, ಬ್ಯಾಟರಿಗಳಿಗೆ ಹಂಚಿಹೋಗಿ, ದನಿ ಹಿಡಿಯುವ ಭಾಗಕ್ಕೆ ಉಳಿಯುವುದು ಚಿಲ್ಲರೆ. ಅನಲಾಗ್ ಕಾರ್ಡ್‌ಲೆಸ್ಸುಗಳು ದನಿಯ ಏರಿಳಿತವನ್ನು ಅದುಮಿ ಕಳಿಸಿ ರಿಸೀವರಿನಲ್ಲಿ ಮತ್ತೆ ಹಿಗ್ಗಿಸುತ್ತವೆ. ಅಗ್ಗದವುಗಳಲ್ಲಿ ಈ ಅದುಮು-ಹಿಗ್ಗು ಕಿವಿಗೇ ಬೀಳುತ್ತದೆ: ಭಾವಗೀತೆಯ ಮೆಲ್ಲನೆಯ ಸಾಲು ಮುಗಿಯುವಾಗ ಕೊನೆಯ ಸ್ವರದ ಬಾಲ ಕತ್ತರಿಸಿದಂತಾಗಿ, ಹಿಂದೆ ‘ಶ್‌ಶ್’ ಎಂಬ ಉಸಿರು ಏಳುತ್ತದೆ. ಅಬ್ಬರದ ಹಾಡುಗಳಲ್ಲಿ ಇದು ಗೊತ್ತಾಗುವುದಿಲ್ಲ. ನಿಮ್ಮ ಮನೆಯಲ್ಲಿ ಯಾವ ಬಗೆಯ ಹಾಡು ಹೆಚ್ಚೋ ಅದನ್ನು ಹಾಡಿಯೇ ಪರೀಕ್ಷಿಸಿ.

ಇನ್ನು ತರಂಗದ ವಿಚಾರ. ಭಾರತದಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಬೇಡದ ತರಂಗದ ಪಟ್ಟಿಗಳಲ್ಲಿ (ಬ್ಯಾಂಡುಗಳಲ್ಲಿ) 865ರಿಂದ 868 ಮೆಗಾಹರ್ಟ್ಸ್ ಒಂದು, 2.4 ಗಿಗಾಹರ್ಟ್ಸ್ ಇನ್ನೊಂದು. 2.4ರಲ್ಲಿ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಇವೆ, ಹಾಗಾಗಿ ಅಲ್ಲಿ ಜನಜಂಗುಳಿ. ಹಾಡಿನ ನಡುವೆ ದನಿ ಕಡಿದು ಕಡಿದು ಬಂದರೆ ಅಡುಗೆಮನೆಯಲ್ಲಿ ಯಾರಾದರೂ ಸಾರು ಬಿಸಿ ಮಾಡುತ್ತಿದ್ದಾರೆಯೇ ಎಂದು ಮೊದಲು ನೋಡಿ. ಮೊಬೈಲ್, ಟಿವಿಗಳನ್ನು ವೈಫೈಯ 5 ಗಿಗಾಹರ್ಟ್ಸ್ ಪಟ್ಟಿಗೆ ಬದಲಿಸಿ, ರೌಟರಿನಿಂದ ರಿಸೀವರನ್ನು ಒಂದೆರಡು ಮೀಟರ್ ದೂರವಿಟ್ಟರೆ ಮುಕ್ಕಾಲು ತೊಂದರೆ ಕಳೆಯುತ್ತದೆ.

ವಿದೇಶದಿಂದ ಅಣ್ಣನೋ ಮಗಳೋ ಮೈಕ್ ತರುತ್ತೇನೆಂದರೆ ಪಟ್ಟಿ ಯಾವುದೆಂದು ಕೇಳಿ. ಅಮೆರಿಕದಲ್ಲಿ ಪರವಾನಗಿ ಬೇಡದ 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗ ನಮ್ಮಲ್ಲಿ ಮೊಬೈಲ್ ಫೋನುಗಳದ್ದು. ಅಂಥ ಮೈಕ್ ಇಲ್ಲಿ ಗದ್ದಲವನ್ನೂ ತರುತ್ತದೆ, ಕಾನೂನಿನ ತೊಡಕನ್ನೂ ತರುತ್ತದೆ. ಅಮೆರಿಕದಲ್ಲೇ ಇರುವ ಕನ್ನಡಿಗರು ಇಲ್ಲಿಂದ ಒಯ್ಯುವಾಗಲೂ ಅಲ್ಲಿ ಹಳೆಯದನ್ನು ಕೊಳ್ಳುವಾಗಲೂ ಜೋಪಾನ: 600 ಮೆಗಾಹರ್ಟ್ಸ್ ಪಟ್ಟಿಯ ಬಹುಭಾಗ ಮೊಬೈಲ್ ಕಂಪನಿಗಳ ಪಾಲಾಗಿ, 2020ರ ಜುಲೈ 13ರಿಂದ ಅಲ್ಲಿ ಮೈಕ್ ಬಳಸುವಂತಿಲ್ಲ. ಊರಿಂದೂರಿಗೆ ಸಾಗಿಸಬೇಕಾದ ಮೈಕಾದರೆ 2.4 ಗಿಗಾಹರ್ಟ್ಸಿನದೇ ವಾಸಿ. ವೈರ್ ಮೈಕಿಗೆ ಯಾವ ದೇಶದಲ್ಲೂ ಈ ತಾಪತ್ರಯವಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಅಪಾರ್ಟ್‌ಮೆಂಟಿನಲ್ಲಿರುವವರು ಚಾನೆಲ್ ಬದಲಿಸಲು ಬರುವ ಮೈಕನ್ನೇ ಕೊಳ್ಳಬೇಕು. ಒಂದೇ ತರಂಗಕ್ಕೆ ಬಿಗಿದ ಅಗ್ಗದ ಅನಲಾಗ್ ಮೈಕುಗಳು ಮೇಲಿನ ಮನೆಯಲ್ಲೂ ಇದ್ದರೆ, ಎರಡು ದನಿಗಳಲ್ಲಿ ಯಾವುದರ ತರಂಗ ಬಲವೋ ಅದನ್ನೇ ರಿಸೀವರ್ ಎತ್ತಿಕೊಳ್ಳುತ್ತದೆ. ಹಾಡು ಮುಗಿದ ಮೇಲೆ ಆರಿಸದೆ ಸೋಫಾದ ಮೇಲೆ ಮರೆತ ಮೈಕ್ ನಿಮ್ಮ ಮನೆಯ ಮಾತುಕತೆಯನ್ನು ಪಕ್ಕದ ಮನೆಯ ಸ್ಪೀಕರಿಗೆ ತಲುಪಿಸಲೂಬಹುದು. ಯುಗಳಗೀತೆಗಾಗಿ ಎರಡು ಮೈಕ್ ಬೇಕಿದ್ದರೆ ಎರಡು ಒಂಟಿ ಮೈಕುಗಳನ್ನು ಬೇರೆ ಬೇರೆ ತರುವ ಬದಲು, ಒಂದೇ ರಿಸೀವರಿನ ಜೋಡಿಯನ್ನು ತನ್ನಿ. ಅವುಗಳ ತರಂಗಗಳು ಪರಸ್ಪರ ಕಾದಾಡದಂತೆ ಮೊದಲೇ ಹೊಂದಿಸಿರುತ್ತಾರೆ.

ರಿಸೀವರಿಗೆ ಎರಡು ಆಂಟೆನಾ ಇದ್ದರೆ ಒಳ್ಳೆಯದು, ಆದರೆ ಎರಡು ಕೊಂಬು ಕಂಡ ಕೂಡಲೇ ನಂಬಬೇಡಿ. ಒಂದೇ ಮೈಕಿನ ತರಂಗವನ್ನು ಎರಡೂ ಕಡೆಯಿಂದ ಹಿಡಿದು ಚೆನ್ನಾಗಿರುವುದನ್ನು ಆರಿಸುವ ರಿಸೀವರಿಗೆ ‘ಡೈವರ್ಸಿಟಿ’ ಎನ್ನುತ್ತಾರೆ. ಎರಡು ಮೈಕಿಗೆ ಒಂದೊಂದು ಆಂಟೆನಾ ಇರುವುದು ಬೇರೆ. ಪಿ-38 ಪಿನ್ನಿಗೇ ಅಂಟಿದ ಗಿಡ್ಡ ರಿಸೀವರುಗಳನ್ನು ಸ್ಪೀಕರಿನ ಹಿಂಬದಿಗೆ ಚುಚ್ಚಿ, ಸ್ಪೀಕರನ್ನು ಗೋಡೆಗೋ ಕಬ್ಬಿಣದ ಬೀರುವಿಗೋ ಒತ್ತಿ ನಿಲ್ಲಿಸಿದರೆ ತರಂಗ ಎಲ್ಲಿಂದ ಬರಬೇಕು? ರಿಸೀವರ್ ಹಾಡುವವರಿಗೆ ಕಾಣುವಂತಿರಲಿ. ಮನುಷ್ಯನ ಮೈಯಲ್ಲಿ ನೀರೇ ಹೆಚ್ಚಾದ್ದರಿಂದ 2.4 ಗಿಗಾಹರ್ಟ್ಸ್ ತರಂಗವನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಬೆನ್ನು ತಿರುಗಿಸಿದಾಗ ದನಿ ಹೋಯಿತೆಂದರೆ ಅಡ್ಡ ಬಂದದ್ದು ನೀವೇ.

ಬ್ಯಾಟರಿಯ ವಿಚಾರದಲ್ಲಿ ನಾನು ಹಳೆಯ ಕಾಲದವನು: ಎಎ ಸೆಲ್ ಹಾಕುವ ಮೈಕೇ ಇರಲಿ. ಹಾಡುವಾಗ ಮುಗಿದರೆ ಗಡಿಯಾರದ್ದೋ ರಿಮೋಟಿನದ್ದೋ ಕಿತ್ತು ಹಾಕಬಹುದು. ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿಯ ಮೈಕ್ ಚಾರ್ಜ್ ಮಾಡಲು ಸುಲಭ, ಆದರೆ ಕೆಲವು ವರ್ಷಗಳಲ್ಲಿ ಬ್ಯಾಟರಿ ಸತ್ತರೆ ಮೈಕೂ ಸತ್ತಂತೆ. ಬಿಚ್ಚಿ ಬದಲಿಸಬಹುದಾದ ಲಿಥಿಯಂ ಬ್ಯಾಟರಿಯಾದರೆ ನನ್ನ ತಕರಾರಿಲ್ಲ. ವಾರಗಟ್ಟಲೆ ಬಳಸದಿರುವಾಗ ಸೆಲ್ ತೆಗೆದಿಡಿ. ಸೋರಿದ ಸೆಲ್ಲಿನ ಹಸಿರು-ಬಿಳಿ ಪುಡಿ ಸ್ಪ್ರಿಂಗನ್ನೇ ತಿಂದುಹಾಕುತ್ತದೆ.

ಜೋಡಿಸುವ ಕ್ರಮ

ಎಲ್ಲ ವಾಲ್ಯೂಮುಗಳನ್ನೂ ಎಕೋವನ್ನೂ ಸೊನ್ನೆಗೆ ಇಳಿಸಿ, ಮೈಕ್ ಚುಚ್ಚಿ, ಆಮೇಲೆ ಸ್ಪೀಕರ್ ಹಾಕಿ. ಮೊದಲು ಕಂಠ ಸರಿಮಾಡಿ, ಟ್ರ್ಯಾಕನ್ನು ಅದಕ್ಕೆ ಹೊಂದಿಸಿ. ಉಲ್ಟಾ ಮಾಡಿದರೆ ಸಂಗೀತದ ಅಬ್ಬರಕ್ಕೆ ಮೈಕನ್ನು ಏರಿಸುತ್ತಾ ಹೋಗಿ ಕೊನೆಗೆ ಸ್ಪೀಕರ್ ಕಿರುಚುತ್ತದೆ. ‘ಹಲೋ ಹಲೋ ಮೈಕ್ ಟೆಸ್ಟಿಂಗ್’ ಎನ್ನುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ‘ಬಾಳೆಹಣ್ಣಿನ ಸಿಪ್ಪೆ ಸುಲಿದು ಪಾಪುವಿಗೆ ಕೊಟ್ಟೆ’ ಎಂದು ಹೇಳಿ ನೋಡಿ. ಪ, ಬಗಳಲ್ಲಿ ಬಾಯಿಂದ ಹೊರಡುವ ಗಾಳಿ ಮೈಕಿಗೆ ಬಡಿದು ‘ದೊಪ್’ ಎಂದರೆ ಮೈಕನ್ನು ತುಸು ಓರೆಯಾಗಿ ಹಿಡಿಯಬೇಕು. ಸಕಾರ ಕಿವಿಗೆ ಚುಚ್ಚಿದರೆ ಟ್ರೆಬಲ್ (ಕೀಚಲು ಸ್ವರದ ಗುಂಡಿ) ಇಳಿಸಬೇಕು. ತುಟಿಯಿಂದ ಮೂರು ನಾಲ್ಕು ಸೆಂಟಿಮೀಟರ್ ದೂರ ಸರಿಯಾದ ಜಾಗ. ಇನ್ನೂ ಹತ್ತಿರ ತಂದರೆ ದನಿ ದಪ್ಪವಾಗುತ್ತದೆ. ತೆಳು ದನಿಯವರಿಗೆ ಅದು ಅನುಕೂಲವೇ, ತಾರಕಕ್ಕೆ ಏರುವಾಗ ಮಾತ್ರ ಕೈ ಹಿಂದೆ ಸರಿಯಬೇಕು.

ಎಕೋವನ್ನು ಎಲ್ಲಕ್ಕಿಂತ ಕೊನೆಗೆ, ಇದೆಯೋ ಇಲ್ಲವೋ ಎಂಬಷ್ಟು ಹಾಕಿ. ನಮ್ಮಲ್ಲಿ ಅದನ್ನು ಮುಕ್ಕಾಲಿಗೆ ತಿರುಗಿಸಿಟ್ಟು ಹಾಡುವ ಚಾಳಿ ಇದೆ. ಶ್ರುತಿ ತಪ್ಪಿದ್ದು ಮುಚ್ಚಿಹೋಗುತ್ತದೆ, ಜೊತೆಗೆ ಸಾಹಿತ್ಯವೂ ಮುಚ್ಚಿಹೋಗುತ್ತದೆ.

ಕಿರುಚಾಟದ ಮೂಲ ಒಂದೇ: ಸ್ಪೀಕರಿನ ಧ್ವನಿ ಮತ್ತೆ ಮೈಕಿಗೆ ಹೊಕ್ಕು ಸುತ್ತು ಹಾಕುವುದು. ಟಿವಿಗೂ ಸ್ಪೀಕರಿಗೂ ಎದುರಾಗಿ ನಿಂತು ಹಾಡುವಾಗ ಕಾರ್ಡಿಯಾಯ್ಡ್ ಮೈಕಿನ ಕಿವುಡು ಬೆನ್ನು ಸ್ಪೀಕರಿನತ್ತ ಇರುತ್ತದೆ, ಹಾಗಾಗಿ ಎಲ್ಲವೂ ಶಾಂತ. ಹಾಡುವವರು ಉತ್ಸಾಹದಲ್ಲಿ ನೆಂಟರತ್ತ ತಿರುಗಿದರೆ ಮೈಕಿನ ಬಾಯಿ ಸ್ಪೀಕರಿನ ಕಡೆಗಾಗುತ್ತದೆ, ಕೂಗು ಶುರು. ಐದು ಮೀಟರಿನ ವೈರು ಮನುಷ್ಯನನ್ನು ಒಂದು ಜಾಗದಲ್ಲಿ ನಿಲ್ಲಿಸುತ್ತದೆ. ಕಾರ್ಡ್‌ಲೆಸ್ ಹಿಡಿದವರು ಹಾಡುತ್ತಾ ಹಾಡುತ್ತಾ ಸ್ಪೀಕರಿನ ಮೂತಿಗೇ ಹೋಗಿ ನಿಲ್ಲುತ್ತಾರೆ. ಮನೆಯ ಕರೋಕೆಯಲ್ಲಿ ವೈರಿನ ದೊಡ್ಡ ಉಪಕಾರ ಇದೇ ಎನ್ನುವೆ. ಮಕ್ಕಳು ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಾಗಲೂ ಅದೇ ಕೂಗು: ಜಾಲರಿಯ ಹಿಂಬದಿಯ ತೂತು ಮುಚ್ಚಿದರೆ ಮೈಕ್ ಎಲ್ಲ ದಿಕ್ಕಿನದ್ದನ್ನೂ ಹಿಡಿಯತೊಡಗುತ್ತದೆ. ಗಾಜಿನ ಬಳೆ ತೊಟ್ಟವರು ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡರೆ ಬಳೆಯ ಟಣ್ ಟಣ್ ಎಲ್ಲ ಚರಣದಲ್ಲೂ ಕೇಳುವುದಿಲ್ಲ.

ಹತ್ತು ಬಾಯಿ ತಾಕಿದ ಮೈಕಿನ ಜಾಲರಿಯನ್ನು ಆಗಾಗ ತಿರುಚಿ ಬಿಚ್ಚಿ, ಅದನ್ನೂ ಒಳಗಿನ ಸ್ಪಂಜನ್ನೂ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಮೈಕಿನ ಉಳಿದ ಭಾಗಕ್ಕೆ ನೀರು ಸೋಕಬಾರದು.

ಯಾರಿಗೆ ಯಾವುದು

ಸಂಜೆ ಒಬ್ಬರೇ ಕೂತು ಎರಡು ಹಳೆಯ ಹಾಡು ಹಾಡಿಕೊಳ್ಳುವವರಿಗೆ ವೈರ್ ಮೈಕ್, ಕಣ್ಣು ಮುಚ್ಚಿ. ಹಾಡು ಕಲಿಯುತ್ತಿರುವ ಮಕ್ಕಳಿಗೂ ಅದೇ, ದನಿ ಇದ್ದದ್ದು ಇದ್ದ ಹಾಗೆ ಕೇಳಬೇಕು. ವಯಸ್ಸಾದವರು ಓಡಾಡುವ, ಅಂಬೆಗಾಲಿನ ಕೂಸಿರುವ ನಡುಮನೆಯಲ್ಲಿ ಮಾತ್ರ ನೆಲದ ಮೇಲಿನ ವೈರು ಕಾಲಿಗೆ ತೊಡರುವ ಅಪಾಯ ನಿಜವಾದದ್ದು. ಅಲ್ಲಿ ಧ್ವನಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟಾದರೂ ಕಾರ್ಡ್‌ಲೆಸ್ ತರುವುದು ಸರಿ. ನಾಮಕರಣ, ಗೃಹಪ್ರವೇಶ, ನವೆಂಬರಿನಲ್ಲಿ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಎಂದು ಮೈಕ್ ಕೈಯಿಂದ ಕೈಗೆ ದಾಟುವ ಮನೆಯಾದರೆ ಕಾರ್ಡ್‌ಲೆಸ್ ಜೋಡಿಯ ಜೊತೆಗೆ ಒಂದು ವೈರ್ ಮೈಕೂ ಇರಲಿ. ಸೆಲ್ ಮುಗಿದ ಹೊತ್ತಿಗೆ ಕೈಗೆ ಬರುವುದು ಅದೇ. ಮೊಬೈಲ್ ಆ್ಯಪ್‌ನಲ್ಲಿ ರೆಕಾರ್ಡ್ ಮಾಡುವವರಿಗೆ ಎರಡಕ್ಕಿಂತ ಮುಖ್ಯವಾದದ್ದು ವೈರ್ ಇರುವ ಇಯರ್‌ಫೋನ್, ತಡದ ಲೆಕ್ಕ ಅಲ್ಲಿಯೂ ಅದೇ.

ಅಂಗಡಿಯಲ್ಲಿ ಮೈಕನ್ನು ಅವರ ದೊಡ್ಡ ಸ್ಪೀಕರಿಗೆ ಹಾಕಿ ತೋರಿಸುತ್ತಾರೆ. ಅದರಲ್ಲಿ ಯಾವ ಮೈಕೂ ಚೆನ್ನಾಗಿಯೇ ಕೇಳುತ್ತದೆ. ನಿಮ್ಮ ಮನೆಯಲ್ಲಿರುವ ಬಗೆಯ ಸ್ಪೀಕರಿಗೇ ಹಾಕಿಸಿ, ಎಕೋ ತೆಗೆಸಿ, ಒಂದು ಪಲ್ಲವಿ ಹಾಡಿ. ಕಾರ್ಡ್‌ಲೆಸ್ ಆದರೆ ಹಾಡುತ್ತಲೇ ಬಾಗಿಲವರೆಗೆ ನಡೆದು, ಬೆನ್ನು ತಿರುಗಿಸಿ ನಿಂತು ನೋಡಿ. ಜೋಡಿಯಾದರೆ ಎರಡನ್ನೂ ಒಟ್ಟಿಗೆ ಹಾಕಿಸಿ, ಒಂದೊಂದಾಗಿ ನೋಡಿದರೆ ಕಾದಾಟ ತಿಳಿಯುವುದಿಲ್ಲ. ಸ್ವಿಚ್ ಒತ್ತಿದಾಗ ಸ್ಪೀಕರಿನಲ್ಲಿ ‘ಢಬ್’ ಎಂಬ ಸದ್ದು ಬರುವ ಮೈಕನ್ನು ಕೊಳ್ಳಬೇಡಿ. ಬಿಲ್ಲಿನ ಮೇಲೆ ಮಾದರಿಯ ಹೆಸರು, ಕಾರ್ಡ್‌ಲೆಸ್ಸಿಗೆ ತರಂಗದ ಪಟ್ಟಿಯನ್ನೂ ಬರೆಸಿಕೊಳ್ಳಿ. ಎರಡರಲ್ಲಿ ಒಂದು ಮೈಕ್ ಬಿದ್ದು ಒಡೆದರೆ ಅದೇ ಪಟ್ಟಿಯ ಇನ್ನೊಂದನ್ನು ಹುಡುಕಲು ಆ ಚೀಟಿ ಬೇಕಾಗುತ್ತದೆ.